ಮೂಲೆ ಮಡಿಸಿದ ನಲವತ್ತೊಂದು ಕಾರ್ಡುಗಳು

ಕೃತಕ ಕಾಲು ಮಾಡಿಕೊಡುವ ಆ ಸಂಸ್ಥೆಯ ಗೋಡೆಯ ಮೇಲೆ ಉದ್ದನೆಯ ಹೆಸರೊಂದಿದೆ. ಅದನ್ನು ಕೊನೆಯವರೆಗೆ ಓದಿದವನು ಬಹುಶಃ ಅದನ್ನು ಬರೆದ ಪೇಂಟರ್ ಒಬ್ಬನೇ. ಜನರ ಬಾಯಲ್ಲಿ ಅದು ಕಾಲಂಗಡಿ. ಬಸ್ಸಿನ ಕಂಡಕ್ಟರಿಗೂ ಹಾಗೆ ಹೇಳಿದರೇ ಎಲ್ಲಿ ಇಳಿಸಬೇಕೆಂದು ತಿಳಿಯುವುದು.

ಕೆಳಗಿನ ಅಂತಸ್ತಿನಲ್ಲಿ ಪ್ಲಾಸ್ಟರ್ ಅಚ್ಚು ತೆಗೆಯುವ ಕೋಣೆ, ಲೇತು, ಚರ್ಮದ ಪಟ್ಟಿ ಹೊಲಿಯುವ ಯಂತ್ರ. ಅದರಾಚೆ ಎರಡು ಉದ್ದನೆಯ ಕಂಬಿಗಳ ನಡುವೆ ಜನ ಹೊಸ ಕಾಲಿನಲ್ಲಿ ನಡೆಯುವುದನ್ನು ಕಲಿಯುವ ಹಜಾರ. ಮೇಲಿನ ಅಂತಸ್ತಿನಲ್ಲಿ ಆಫೀಸು, ಫ್ಯಾನು, ಮೆತ್ತನೆಯ ಕುರ್ಚಿ. ಇಂಥ ಸಂಸ್ಥೆಗಳಲ್ಲಿ ದಾನಿಗಳನ್ನು ನೋಡಿಕೊಳ್ಳುವವರು ಮೇಲೆ ಕೂರುವುದು ಲೋಕದ ರೂಢಿ. ಕಾರ್ಡಕ್ಕ ಮಾತ್ರ ಮೂವತ್ತೊಂದು ವರ್ಷದಿಂದ ಕೆಳಗೇ ಕೂತಿದ್ದಾಳೆ, ಹಜಾರದ ಮೂಲೆಯಲ್ಲಿ, ಗಾಜಿನ ಕಿಟಕಿಯಿರುವ ಒಂದು ಪುಟ್ಟ ಕೋಣೆಯಲ್ಲಿ. ಮೇಲೆ ಬನ್ನಿ ಎಂದು ಕರೆದವರಿಗೆಲ್ಲ ಅವಳ ಉತ್ತರ ಒಂದೇ.

"ಅಲ್ಲಿ ಕೂತ್ರೆ ಜನರಿಗೆ ಏನಂತ ಬರೀಲಿ? ಫ್ಯಾನ್ ಚೆನ್ನಾಗಿ ತಿರುಗ್ತಿದೆ ಅಂತಲಾ?"

ಅವಳು ಈ ಕೆಲಸಕ್ಕೆ ಅರ್ಜಿ ಹಾಕಿ ಬಂದವಳಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ, ಕಾರ್ಖಾನೆಯ ಬೆಲ್ಟಿಗೆ ಸಿಕ್ಕಿ ಕಾಲು ಕಳೆದುಕೊಂಡಿದ್ದ ತಮ್ಮನನ್ನು ಕರೆದುಕೊಂಡು ಬಂದಿದ್ದಳು. ಅವನು ನಡೆಯಲು ಕಲಿತ ಮೂರು ವಾರವೂ ಬೆಂಚಿನ ಮೇಲೆ ಕಾದಳು. ಸಂಸ್ಥೆ ಕಟ್ಟಿದ ಡಾಕ್ಟರು ಆಗ ತಾವೇ ಅಂಟು ಹಚ್ಚಿ ಲಕೋಟೆ ಮುಚ್ಚುತ್ತಿದ್ದ ಕಾಲ. "ಕೂತು ಕೂತು ಬೇಜಾರಾಗಿಲ್ವೇನಮ್ಮಾ? ಈ ರಸೀದಿಗಳಿಗೆ ವಿಳಾಸ ಬರೆದುಕೊಡು" ಎಂದರು. ಅವಳು ವಿಳಾಸ ಬರೆದಳು. ಒಂದು ರಸೀದಿಯ ಕೆಳಗೆ ಜಾಗ ಖಾಲಿಯಿತ್ತು. ಖಾಲಿ ಜಾಗ ಕಂಡರೆ ಅವಳ ಕೈ ಸುಮ್ಮನಿರದು. ಹೀಗೆ ಬರೆದಳು: "ನೀವು ಕಳಿಸಿದ್ದರಿಂದ ಮಂಡಿಯ ಕೀಲು ಒಂದು ಬಂತು. ಬ್ರೆಡ್ ಮಾರುವವರೊಬ್ಬರಿಗೆ ಹಾಕಿದ್ದಾರೆ. ನಿನ್ನೆ ಅವರು ಮೂರು ಸಲ ಬಿದ್ದರು. ಇವತ್ತು ಒಂದೇ ಸಲ."

ಲಕೋಟೆ ಪೋಸ್ಟಾದ ಮೇಲೆ ಡಾಕ್ಟರಿಗೆ ವಿಷಯ ತಿಳಿಯಿತು. "ಬಿದ್ದದ್ದನ್ನೆಲ್ಲ ಯಾಕಮ್ಮಾ ಬರೀತೀಯ? ಕೊಟ್ಟವರು ಹೆದರಿ ಓಡಿಹೋಗ್ತಾರೆ" ಎಂದು ತಲೆ ಚಚ್ಚಿಕೊಂಡರು. ಹತ್ತು ದಿನ ಕಳೆದು ಬಟ್ಟೆಯಂಗಡಿಯ ಯಜಮಾನರೊಬ್ಬರು ಛತ್ರಿ ಊರಿಕೊಂಡು ಒಳಗೆ ಬಂದರು. ನಮಸ್ಕಾರವನ್ನೂ ಮರೆತು ಕೇಳಿದ್ದು ಒಂದೇ ಮಾತು: "ಆ ಬ್ರೆಡ್ಡಿನವರು ಈಗ ಎಷ್ಟು ಸಲ ಬೀಳ್ತಿದ್ದಾರೆ?"

ಡಾಕ್ಟರು ಬೆಂಚಿನ ಮೇಲಿದ್ದ ಹುಡುಗಿಯ ಕಡೆ ತಿರುಗಿ ನೋಡಿದರು. ಅವತ್ತಿನಿಂದ ಅವಳಿಗೆ ಸಂಬಳ.

ದಾನಿಗಳ ಕಾರ್ಡುಗಳು ಆಮೇಲೆ ಬಂದವು, ಕಾರ್ಡಕ್ಕ ಎಂಬ ಹೆಸರೂ. ಮೊದಲು ಚಪ್ಪಲಿಯ ಡಬ್ಬಿಯಲ್ಲಿ, ನಂತರ ಮರದ ಖಾನೆಗಳಲ್ಲಿ. ಹಳದಿ ದಪ್ಪ ಕಾಗದ, ಅಂಗೈಯಗಲ. ಮುಂಭಾಗದಲ್ಲಿ ಕೊಟ್ಟವರು ಹೇಳಿದ ಮಾತು, ಅವರ ಮನೆಯ ಸಂಗತಿ: "ಫೋನಿನಲ್ಲಿ ಜೋರಾಗಿ ಮಾತಾಡಬೇಕು." "ಮಗಳ ಪರೀಕ್ಷೆ ಕೈಕೊಟ್ಟಿದೆ, ತಾನಾಗಿ ಹೇಳುವವರೆಗೆ ಕೇಳಬೇಡ." "ಫೋಟೋ ಎಂದರೆ ಉರಿದು ಬೀಳುತ್ತಾರೆ." "ಬೆಕ್ಕು ಸತ್ತಿದೆ." ಕೊಟ್ಟ ಮೊತ್ತ ಹಿಂಭಾಗದಲ್ಲಿ, ಪೆನ್ಸಿಲ್ಲಿನಲ್ಲಿ. ಮೊತ್ತ ಏರುತ್ತದೆ, ಇಳಿಯುತ್ತದೆ, ಅಳಿಸಿ ಬರೆಯಬಹುದು ಎಂದು ಅವಳ ಲೆಕ್ಕಾಚಾರ. ಮುಂದೆ ಬರೆದದ್ದೆಲ್ಲ ಇಂಕಿನಲ್ಲಿ.

ಇನ್ನೊಂದು ವಿಷಯ. ಕಾರ್ಡು ಒಬ್ಬ ವ್ಯಕ್ತಿಗಲ್ಲ, ಒಂದು ಮನೆಗೆ. ಆ ಮನೆಯಲ್ಲಿ ಕೊಡುತ್ತಿದ್ದವರು ತೀರಿಕೊಂಡರೆ ಅವಳು ಕಾರ್ಡನ್ನು ಎಸೆಯುತ್ತಿರಲಿಲ್ಲ, ಹೆಸರನ್ನೂ ಹೊಡೆದುಹಾಕುತ್ತಿರಲಿಲ್ಲ. ಹೆಸರಿನ ಮೇಲೆ ಗೆರೆ ಎಳೆಯಲು ಕೈ ಬಾರದು ಎನ್ನುತ್ತಿದ್ದಳು. ಬಲಗಡೆಯ ಮೇಲಿನ ಮೂಲೆಯನ್ನು ಒಮ್ಮೆ ಮಡಿಸಿ ಉಗುರಿನಿಂದ ತೀಡುತ್ತಿದ್ದಳು, ಅಷ್ಟೇ. ಆಮೇಲೆ ಆ ಮನೆಗೆ ಹೋಗಿ ಕೂರುತ್ತಿದ್ದಳು. ಬಹಳ ಮನೆಗಳಲ್ಲಿ ಕೇಳುತ್ತಿದ್ದರು, "ಅವರ ನೆನಪಿಗೆ ಏನಾದ್ರೂ ಮಾಡಬೇಕು, ಏನು ಮಾಡೋಣ?" ಅವಳು ಹೇಳುತ್ತಿದ್ದಳು, "ಒಂದು ಬೆಳೆಯೋ ಕಾಲು ತಗೊಳ್ಳಿ."

ದೊಡ್ಡವರಿಗೆ ಮಾಡಿದ ಕಾಲು ನಾಲ್ಕೈದು ವರ್ಷ ಬರುತ್ತದೆ. ಮಕ್ಕಳದ್ದು ಹಾಗಲ್ಲ. ಮಗು ಬೆಳೆಯುತ್ತದೆ, ಕೃತಕ ಕಾಲು ಬೆಳೆಯುವುದಿಲ್ಲ. ವರ್ಷ ತುಂಬುವಷ್ಟರಲ್ಲಿ ಗಿಡ್ಡವಾಗಿ, ಮಗು ಸೊಂಟ ಓರೆ ಮಾಡಿ ಕುಂಟತೊಡಗುತ್ತದೆ. ಆದ್ದರಿಂದ ಒಂದು ಮಗುವಿಗೆ ಕಾಲು ಕೊಡುವುದೆಂದರೆ ಹತ್ತು ಹನ್ನೆರಡು ವರ್ಷ, ಅದರ ಬೆಳವಣಿಗೆ ನಿಲ್ಲುವವರೆಗೆ, ಕೊಡುತ್ತಲೇ ಇರುವುದು. ಮೂಲೆ ಮಡಿಸಿದ ಮನೆಗಳು ಇದನ್ನು ಒಪ್ಪಿಕೊಂಡಿದ್ದವು. ಒಂದು ಮನೆಗೆ ಒಂದು ಮಗು. ಮಗುವಿನ ಹೆಸರು ಹೇಳುತ್ತಿರಲಿಲ್ಲ, ಹೆಣ್ಣೋ ಗಂಡೋ ಎಂಬುದನ್ನೂ ಹೇಳುತ್ತಿರಲಿಲ್ಲ. ಯಾವ ಮಗುವನ್ನೂ ಯಾರ ಮುಂದೆಯೂ ನಿಲ್ಲಿಸಿ ಥ್ಯಾಂಕ್ಸ್ ಹೇಳಿಸುತ್ತಿರಲಿಲ್ಲ. ಅದು ಕಾರ್ಡಕ್ಕನ ಕಟ್ಟುನಿಟ್ಟು. ವರ್ಷಕ್ಕೊಂದು ಕಾಗದ ಹೋಗುತ್ತಿತ್ತು: "ನಿಮ್ಮ ಮಗು ಈ ವರ್ಷ ಮೂರು ಬೆರಳು ಬೆಳೆಯಿತು. ಕಾಂಪೌಂಡ್ ಹಾರಿ ಎರಡು ಪಟ್ಟಿ ಹರಿದುಕೊಂಡಿದೆ. ಬೈದೆವು. ಮತ್ತೆ ಹಾರುವ ಲಕ್ಷಣ ಕಾಣುತ್ತಿದೆ." ಕಾಗದದ ಜೊತೆಗೆ ಆ ಮೂರು ಬೆರಳಿನಷ್ಟು ಉದ್ದದ ಒಂದು ನೂಲು.

ಅಂಥ ಮನೆಗಳು ನಲವತ್ತೊಂದು. ಆ ನಲವತ್ತೊಂದರಲ್ಲಿ ಒಂದೇ ಒಂದು ಮನೆಯೂ ನಡುವೆ ಕೈಬಿಟ್ಟಿರಲಿಲ್ಲ. ಈ ಮಾತು ಹೇಳುವಾಗ ಕಾರ್ಡಕ್ಕನ ಕತ್ತು ತಾನಾಗಿ ನೆಟ್ಟಗಾಗುತ್ತಿತ್ತು. ಆಗಲಿ ಬಿಡಿ. ಅಳುವ ಮಗುವಿನ ಫೋಟೋವನ್ನು ಆಳೆತ್ತರಕ್ಕೆ ಹಿಗ್ಗಿಸಿ ರಸ್ತೆಬದಿಗೆ ನಿಲ್ಲಿಸಿ, ಅದರ ಕಣ್ಣೀರಿನ ಕೆಳಗೆ ಬ್ಯಾಂಕ್ ಖಾತೆಯ ಸಂಖ್ಯೆ ಬರೆಯುವ ಸಂಸ್ಥೆಗಳು ಎಷ್ಟಿಲ್ಲ? ಬಾಗಿಲಿನಷ್ಟು ದೊಡ್ಡ ಚೆಕ್ಕು ಹಿಡಿದು ಹಲ್ಲು ಬಿಡುವ ಮಹನೀಯರ ಪಕ್ಕದಲ್ಲಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ ಮಗುವಿಗೆ ಅದು ಏನೆಂದೇ ಗೊತ್ತಿರುವುದಿಲ್ಲ. ಒಮ್ಮೆ ಕೊಟ್ಟವನನ್ನು ಹಿಂಡಿ ಹಿಂಡಿ, ಅವನು ಫೋನ್ ಎತ್ತುವುದನ್ನು ಬಿಟ್ಟ ಮೇಲೆ, "ಜನರಲ್ಲಿ ಕರುಣೆ ಇಲ್ಲ ಸಾರ್" ಎಂದು ಭಾಷಣ ಬೇರೆ. ಕರುಣೆ ಇತ್ತು. ನೀವು ಅದನ್ನು ಬಾಯಾರಿದವನು ಕಬ್ಬು ಜಗಿದಂತೆ ಜಗಿದು ಉಗಿದಿರಿ. ಅವರ ನಡುವೆ ಒಬ್ಬ ಹೆಂಗಸು ಹಳದಿ ಕಾರ್ಡುಗಳಲ್ಲಿ ಆರುನೂರು ಮನೆಗಳನ್ನು ಮೂವತ್ತು ವರ್ಷ ಹಿಡಿದಿಟ್ಟುಕೊಂಡಳು ಎಂದರೆ ಕತ್ತು ನೆಟ್ಟಗೆ ಮಾಡಲಿ, ಬೇಕಿದ್ದರೆ ಒಂದು ಇಂಚು ಹೆಚ್ಚೇ ಮಾಡಲಿ.

ಡಾಕ್ಟರಿಗೆ ವಯಸ್ಸಾಯಿತು. ಅವರ ಮಗಳ ಗಂಡ, ಸೋಪಿನ ಕಂಪನಿಯೊಂದರಲ್ಲಿ ಮಾರಾಟ ವಿಭಾಗದಲ್ಲಿದ್ದು ನಿವೃತ್ತರಾದವರು, ಸಂಸ್ಥೆಯ ಆಡಳಿತ ವಹಿಸಿಕೊಂಡರು. ಕೆಲಸದವರೆಲ್ಲ ಅವರನ್ನು ಎದುರಿಗೆ ಸರ್ ಎಂದೂ ಬೆನ್ನ ಹಿಂದೆ ಅಳಿಯಂದಿರು ಎಂದೂ ಕರೆಯುತ್ತಿದ್ದರು. ಕಾರ್ಡಕ್ಕ ಎದುರಿಗೇ ಅಳಿಯಂದಿರೇ ಎನ್ನುತ್ತಿದ್ದಳು. ಮನುಷ್ಯ ಕೆಟ್ಟವರೇನಲ್ಲ. ಸೋರುತ್ತಿದ್ದ ಮಾಡು ರಿಪೇರಿ ಮಾಡಿಸಿದರು, ಹೊಸ ಲೇತು ತರಿಸಿದರು. ಆದರೆ ಸೋಪು ಮಾರಿದ ಕೈ. ಕಾರ್ಡಿನ ಖಾನೆ ಎಳೆದು ನೋಡಿದವರು ಮೊದಲು ಮಾಡಿದ್ದು ಕಾರ್ಡನ್ನು ತಿರುಗಿಸಿದ್ದು.

"ಇದನ್ನೆಲ್ಲ ಕಂಪ್ಯೂಟರಿಗೆ ಹಾಕೋಣ. ಜಾಸ್ತಿ ಕೊಡೋರು ಚಿನ್ನ, ಆಮೇಲೆ ಬೆಳ್ಳಿ, ಉಳಿದೋರು ಕಂಚು."

"ಅವರೇನು ಓಟದ ಪಂದ್ಯಕ್ಕೆ ಬಂದಿದ್ದಾರಾ ಅಳಿಯಂದಿರೇ?"

"ಹಾಗಲ್ಲಮ್ಮಾ. ಯಾರಿಗೆ ಎಷ್ಟು ಸಮಯ ಕೊಡಬೇಕು ಅಂತ ಗೊತ್ತಾಗುತ್ತೆ."

"ನಂಗೆ ಈಗ್ಲೇ ಗೊತ್ತು. ಅವರು ಮಾತು ಮುಗಿಸೋವರೆಗೆ."

ಅವರು ನಕ್ಕರು. ವಿಷಯ ಅಲ್ಲಿಗೆ ಬಿಟ್ಟರು ಎಂದು ಅವಳು ತಿಳಿದಳು. ಮಗಳಿಗೆ ಹೆರಿಗೆಯಾಗಿ ಕಾರ್ಡಕ್ಕ ಆರು ದಿನ ರಜೆ ಹಾಕಿದಾಗ, ಅಳಿಯಂದಿರು ಟೈಪ್ ಮಾಡುವ ಇಬ್ಬರನ್ನು ಕರೆಸಿ, ಆರುನೂರು ಕಾರ್ಡುಗಳ ಹೆಸರು, ಫೋನ್, ಮೊತ್ತವನ್ನು ಕಂಪ್ಯೂಟರಿಗೆ ಹತ್ತಿಸಿಬಿಟ್ಟರು. ಅವರಿಗೆ ಮಡಿಸಿದ ಮೂಲೆ ಮಡಿಸಿದ ಮೂಲೆಯಷ್ಟೇ. ಪಾಪ, ಒಬ್ಬಾಕೆ ಕೆಲಸ ಚೆನ್ನಾಗಿರಲಿ ಎಂದು ಅವನ್ನೆಲ್ಲ ಬಿಡಿಸಿ, ಅಂಗೈಯಲ್ಲಿ ಒತ್ತಿ ಸರಿಮಾಡಿ ಇಟ್ಟಿದ್ದಳು.

ಸಂಸ್ಥೆಯ ವಾರ್ಷಿಕೋತ್ಸವದ ಬೆಳಿಗ್ಗೆ ಎಂಟಕ್ಕೆ ಎಲ್ಲರಿಗೂ ಏಕಕಾಲಕ್ಕೆ ಮೆಸೇಜ್ ಹೋಯಿತು. ಪ್ರತಿಯೊಬ್ಬರಿಗೂ ಅವರವರ ಹೆಸರು, ಚಿನ್ನದ ಬಳಗವೋ ಬೆಳ್ಳಿ ಬಳಗವೋ ಕಂಚಿನದೋ ಎಂಬುದರೊಂದಿಗೆ. "ನಮ್ಮ ಪ್ರೀತಿಯ ದಾನಿಗಳೇ, ಬಹಳ ದಿನದಿಂದ ನಿಮ್ಮ ಕೊಡುಗೆಯ ಮೊತ್ತ ಹೆಚ್ಚಾಗಿಲ್ಲ. ಒಂದು ಹೆಜ್ಜೆ ಮುಂದೆ ಇಡಿ. ನೂರು ವರ್ಷ ಆರೋಗ್ಯವಾಗಿ ಬಾಳಿ, ನಮ್ಮೊಂದಿಗೆ ನಡೆಯುತ್ತಿರಿ."

ನಲವತ್ತೊಂದು ಜನ ಸತ್ತವರಿಗೆ ಆ ಹಾರೈಕೆ ತಲುಪಿತು. ಕೆಲವರ ಫೋನು ಮಕ್ಕಳ ಕೈಯಲ್ಲಿತ್ತು, ಕೆಲವರದು ಹೆಂಡತಿಯ ದಿಂಬಿನ ಪಕ್ಕ.

ರಜೆ ಮುಗಿಸಿ ಬಂದ ಕಾರ್ಡಕ್ಕ ಕೋಣೆಯ ಬೀಗ ತೆಗೆಯುವಷ್ಟರಲ್ಲಿ ಫೋನ್ ಹೊಡೆದುಕೊಳ್ಳುತ್ತಿತ್ತು.

"ನಮ್ಮಪ್ಪನಿಗೆ ನೂರು ವರ್ಷ ಬಾಳಿ ಅಂದಿದ್ದೀರಲ್ಲ," ಎಂದಿತು ಒಂದು ಗಂಡಸಿನ ದನಿ, "ಎಲ್ಲಿ ಬಾಳಬೇಕು ಅವರು? ಅದನ್ನೂ ಹೇಳಿಬಿಡಿ."

ಅವಳಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಆಮೇಲೆ ಖಾನೆ ಎಳೆದಳು. ಮೂಲೆಗಳೆಲ್ಲ ನೆಟ್ಟಗಿದ್ದವು. ಹಳೆಯ ಮಡಿಕೆಯ ಗುರುತು ಮಾತ್ರ ಸುಕ್ಕಿನ ಹಾಗೆ ಉಳಿದಿತ್ತು.

ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಮನೆಯವರು ಇನ್ನು ಸಾಕು ಎಂದಿದ್ದರು. ಉಳಿದ ಮೂವತ್ತೆರಡು ಮನೆಯವರು ಫೋನನ್ನೇ ಮಾಡಿರಲಿಲ್ಲ. ಬೈಯುವವರಿಗಿಂತ ಸುಮ್ಮನಿರುವವರು ಹೆಚ್ಚು ದೂರ ಹೋಗಿರುತ್ತಾರೆಂಬುದು ಅವಳಿಗೆ ಗೊತ್ತು. ಮಕ್ಕಳ ಅಳತೆ ತೆಗೆಯುವ ವಾರಕ್ಕೆ ಇನ್ನು ಇಪ್ಪತ್ತೇ ದಿನ. ನಲವತ್ತೊಂದು ಮಕ್ಕಳು ಗಿಡ್ಡವಾದ ಕಾಲಿನಲ್ಲಿ ಬರುತ್ತಾರೆ. ಅಚ್ಚಿನ ಕೋಣೆಯ ಮೇಸ್ತ್ರಿ ಬಾಗಿಲಲ್ಲಿ ಇಣುಕಿ, "ಎಷ್ಟು ಕಾಲಿಗೆ ಸಾಮಾನು ತರಿಸಲಿ ಅಕ್ಕಾ?" ಎಂದ. ಅವಳು ಕಾರ್ಡಿನ ಮೂಲೆಗಳನ್ನು ಒಂದೊಂದಾಗಿ ಮತ್ತೆ ಮಡಿಸತೊಡಗಿದಳು.

ಅಳಿಯಂದಿರು ಮೆಟ್ಟಿಲಿಳಿದು ಬಂದರು. ಮುಖ ಬಿಳಿಚಿತ್ತು.

"ತಾಂತ್ರಿಕ ದೋಷ ಅಂತ ಇನ್ನೊಂದು ಮೆಸೇಜ್ ಹಾಕೋಣ. ಈಗ್ಲೇ. ಕ್ಷಮೆ ಕೇಳಿಬಿಡೋಣ."

"ಸತ್ತವರ ಹೆಸರಿಗೇ ಕಳಿಸ್ತೀರಾ ಅದನ್ನೂ?"

ಅವರು ಫೋನನ್ನು ಜೇಬಿಗೆ ಹಾಕಿಕೊಂಡರು.

"ಯಂತ್ರದ ತಪ್ಪೇನಿಲ್ಲ ಅಳಿಯಂದಿರೇ. ನೀವು ಕೇಳಲಿಲ್ಲ. ನಾನು ಮೂಲೆ ಮಡಿಸಿದರೆ ಏನು ಅಂತ ಮೂವತ್ತು ವರ್ಷದಲ್ಲಿ ಒಬ್ಬರಿಗೂ ಹೇಳಿಲ್ಲ. ಎಲ್ಲ ನನ್ನ ತಲೆಯಲ್ಲೇ ಇರಲಿ ಅನ್ನೋ ಜಂಭ. ಅರ್ಧ ನಿಮ್ಮದು, ಅರ್ಧ ನನ್ನದು. ನಾನು ಮನೆ ಮನೆಗೆ ಹೋಗ್ತೀನಿ."

"ನಲವತ್ತೊಂದು ಮನೆಗೂ? ಇಲ್ಲಿ ಫೋನ್ ಯಾರು ಎತ್ತೋದು?"

"ನೀವೇ."

ಅವಳು ಕೈಚೀಲವನ್ನೂ ತೆಗೆದುಕೊಳ್ಳದೆ ಹೊರಟಳು. ಚೀಲ ಕಂಡರೆ ರಸೀದಿ ಪುಸ್ತಕವಿದೆ ಎಂದು ಜನ ತಿಳಿಯುತ್ತಾರೆ. ಮೊದಲ ಮನೆ, ಬೆಳಿಗ್ಗೆ ಫೋನ್ ಮಾಡಿದ್ದವನದು. ಬಾಗಿಲು ತೆರೆದವನು ಏನೋ ಹೇಳಲು ಬಾಯಿ ತೆರೆದಿದ್ದ. ಅವಳು ಮೊದಲೇ ಹೇಳಿಬಿಟ್ಟಳು: "ನಿಮ್ಮಪ್ಪ ತೀರಿಕೊಂಡಿದ್ದು ನಂಗೆ ಗೊತ್ತಿತ್ತು. ಅದನ್ನ ಬೇರೆಯವರಿಗೆ ತಿಳಿಯೋ ಹಾಗೆ ಬರೆದಿಡಲಿಲ್ಲ. ತಪ್ಪು ಮಾಡಿದ್ದೀನಿ. ಬೈಯೋದಿದ್ರೆ ನಿಂತೇ ಕೇಳ್ತೀನಿ." ಅವನು ಬೈದ. ಮನಸಾರೆ ಬೈದ. ಕಾಲು ಗಂಟೆಯಾದ ಮೇಲೆ ಗಂಟಲು ಒಣಗಿ, ನೀರು ಕುಡಿಯಲು ಒಳಗೆ ಹೋದವನು ಅವಳಿಗೂ ಒಂದು ಲೋಟ ತಂದ. ಆಮೇಲೆ ಅಪ್ಪನ ಮಾತು ಶುರುವಾಯಿತು. ಒಂದೂವರೆ ಗಂಟೆ.

ಹೀಗೆ ದಿನಕ್ಕೆ ನಾಲ್ಕು ಮನೆ. ಹೆಚ್ಚು ಸಾಧ್ಯವಿರಲಿಲ್ಲ, ಏಕೆಂದರೆ ಮಾತು ಮುಗಿಯದೆ ಅವಳು ಏಳುತ್ತಿರಲಿಲ್ಲ. ಸಂಜೆ ಮನೆಗೆ ಬಂದು ಪಾದಗಳನ್ನು ಬಿಸಿನೀರಿನ ಬಕೀಟಿಗಿಳಿಸಿದರೆ ಅತ್ತೆಯ ನಾಲಿಗೆ ಕಾದಿರುತ್ತಿತ್ತು.

"ಎಡವಟ್ಟು ಮಾಡಿದ್ದು ಯಾರದೋ ಮನೆ ಅಳಿಯ, ಕಾಲು ನೋಯೋದು ನಮ್ಮನೆ ಸೊಸೇದು. ಸಂಬಳವನ್ನೂ ಅವನು ಇವಳಿಗೆ ಬರೆದುಕೊಡ್ತಾನಂತಾ?"

"ಸುಮ್ನಿರಿ ಅತ್ತೆ."

"ಸುಮ್ನೇ ಇದ್ದೀನಿ. ಬಕೀಟಿನ ಜೊತೆ ಮಾತಾಡ್ತಿದ್ದೀನಿ."

ಗಡಿಯಾರ ರಿಪೇರಿ ಮಾಡುವ ಗಂಡ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆಯದೆಯೇ, "ಇವತ್ತು ಎಷ್ಟು?" ಎಂದು ಕೇಳುತ್ತಿದ್ದ. ಅವಳು ಬೆರಳು ತೋರಿಸುತ್ತಿದ್ದಳು. ಅವನು ತಲೆಯಾಡಿಸಿ ಮತ್ತೆ ಗಡಿಯಾರದೊಳಕ್ಕೆ ಇಳಿಯುತ್ತಿದ್ದ. ಬೆಳಿಗ್ಗೆ ನೋಡಿದರೆ ಅವಳ ಚಪ್ಪಲಿಯ ಕಿತ್ತ ಪಟ್ಟಿಗೆ ಹೊಲಿಗೆ ಬಿದ್ದಿರುತ್ತಿತ್ತು.

ನಾಲ್ಕನೆಯ ದಿನ ಅಳಿಯಂದಿರು ಕಾರು ತಂದು ಅವಳ ಮನೆಯೆದುರು ನಿಲ್ಲಿಸಿದರು. ಮೂರು ದಿನ ಫೋನ್ ಎತ್ತಿ ಎತ್ತಿ ಅವರ ಕಿವಿ ಕೆಂಪಾಗಿತ್ತು. "ಇದಕ್ಕಿಂತ ಎದುರಿಗೆ ಬೈಸಿಕೊಳ್ಳೋದೇ ವಾಸಿ, ಹತ್ತಿ" ಎಂದರು. ಅವಳು ಒಂದು ಷರತ್ತು ಹಾಕಿದಳು. ಯಾವ ಮನೆಯಲ್ಲೂ ಹಣ ಎಂಬ ಶಬ್ದ ಬಾಯಿಂದ ಬರಕೂಡದು. ಅವರೇ ತೆಗೆದರೂ ನಾವು ಎತ್ತಕೂಡದು.

"ಹಾಗಾದ್ರೆ ಹೋಗಿ ಪ್ರಯೋಜನ?"

"ಪ್ರಯೋಜನಕ್ಕೆ ಹೋಗೋದಾದ್ರೆ ಕಾರ್ ತಿರುಗಿಸಿ."

ಅವರು ತಿರುಗಿಸಲಿಲ್ಲ. ಇಸ್ತ್ರಿ ಅಂಗಡಿಯವನ ಮನೆಯಲ್ಲಿ ಅವರಿಗೆ ನಿಜವಾದ ಪಾಠವಾಯಿತು. ಮೆಸೇಜ್ ಬಂದದ್ದು ಅವನ ತಾಯಿಯ ಹೆಸರಿಗೆ. ಅವನು ಬಿಸಿ ಇಸ್ತ್ರಿಪೆಟ್ಟಿಗೆ ಕೈಯಲ್ಲಿ ಹಿಡಿದುಕೊಂಡೇ ಅಳಿಯಂದಿರನ್ನು ಮೇಲಿನಿಂದ ಕೆಳಕ್ಕೆ ನೋಡಿದ.

"ನಮ್ಮಮ್ಮನ್ನ ಬೆಳ್ಳಿ ಬಳಗಕ್ಕೆ ಸೇರಿಸಿದ್ದು ನೀವೇನಾ?"

"ಹೌದು... ತಪ್ಪಾಯ್ತು."

"ಬದುಕಿದ್ದಾಗ ಒಂದು ಬೆಳ್ಳಿ ಚಮಚ ಕಂಡವಳಲ್ಲ. ಸತ್ತ ಮೇಲೆ ಬಡ್ತಿ ಸಿಕ್ತು ನೋಡಿ. ಚಿನ್ನಕ್ಕೆ ಏರಬೇಕು ಅಂದ್ರೆ ಅವಳೇ ಬಂದು ಅರ್ಜಿ ಕೊಡಬೇಕಾ?" ಎಂದು ಅವನು ನಗತೊಡಗಿದ. ಅಳಿಯಂದಿರಿಗೆ ನಗಬೇಕೋ ಬೇಡವೋ ತಿಳಿಯದೆ ಬೆವರು ಬಂತು. ನಗುತ್ತ ನಗುತ್ತಲೇ ಅವನ ಕಣ್ಣು ತುಂಬಿತು. ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಮುಖ ಒರೆಸಿಕೊಂಡ. "ನಮ್ಮ ಮಗುವಿನ ಅಳತೆ ಯಾವಾಗ?" ಎಂದ. ಕಾರ್ಡಕ್ಕ ತಾರೀಖು ಹೇಳಿದಳು. ಅಳಿಯಂದಿರು ಕಾರು ಹತ್ತಿ ಕೀಲಿ ತಿರುಗಿಸಿದರು. ಆಮೇಲೆ, "ಅವರು ನಮ್ಮ ಮಗು ಅಂದರು" ಎಂದರು.

"ಮತ್ತೆ ಯಾರದು ಅಂತೀರಿ?"

ಹನ್ನೊಂದನೆಯ ದಿನದ ಹೊತ್ತಿಗೆ ನಲವತ್ತು ಮನೆ ಮುಗಿಯಿತು. ನಲವತ್ತು ಮನೆಯೂ ನಿಂತಿತು. ಸಾಕು ಎಂದಿದ್ದವರಲ್ಲಿ ಎಂಟು ಮನೆಯವರು ತಾವಾಗಿಯೇ ಮಾತು ಹಿಂದಕ್ಕೆ ತೆಗೆದುಕೊಂಡರು. ಉಳಿದದ್ದು ಒಂದೇ ಮನೆ, ಬೀಗ ರಿಪೇರಿ ಮಾಡುತ್ತಿದ್ದವರದು.

ಆತ ಹೋಗಿ ನಾಲ್ಕು ವರ್ಷ. ಹೆಂಡತಿ ಒಬ್ಬರೇ ಇರುತ್ತಾರೆ, ಬೇಕರಿಗೆ ಕಾಗದದ ಪೊಟ್ಟಣ ಅಂಟಿಸಿಕೊಡುತ್ತಾರೆ. ಗಂಡನ ಫೋನನ್ನು ಈಗಲೂ ಚಾರ್ಜಿಗೆ ಹಾಕುತ್ತಾರೆ. ಯಾರೂ ಮಾಡುವುದಿಲ್ಲ, ಆದರೂ. ಆ ಬೆಳಿಗ್ಗೆ ಎಂಟಕ್ಕೆ, ಅವರು ಅಂಟಿನ ಡಬ್ಬಿಯ ಮುಂದೆ ಕೂತಿದ್ದಾಗ, ಕಪಾಟಿನ ಮೇಲಿಂದ ಫೋನ್ ಸದ್ದು ಮಾಡಿತು.

ಕಾರ್ಡಕ್ಕ ಎರಡು ಸಲ ಹೋದಳು. ಎರಡು ಸಲವೂ ಬಾಗಿಲು ತೆರೆಯಲಿಲ್ಲ. ಮೂರನೆಯ ಸಲ ಜಾಲರಿಯ ಹಿಂದೆ ಮುಖ ಕಂಡಿತು. ಅಳಿಯಂದಿರು ಎರಡು ಹೆಜ್ಜೆ ಹಿಂದೆ ನಿಂತಿದ್ದರು.

"ಅಮ್ಮಾ, ತಪ್ಪು..."

"ಕೇಳ್ದೆ. ಊರಿಗೆಲ್ಲ ಹೇಳ್ಕೊಂಡು ಬಂದಿದ್ದೀಯಂತಲ್ಲ. ತಪ್ಪು ಯಾರದು ಅನ್ನೋದು ನಂಗೆ ಬೇಡ. ಆ ಸದ್ದು ಕೇಳಿದಾಗ ನಾನು ಏನು ಮಾಡಿದೆ ಗೊತ್ತಾ? ಬಂತು ನೋಡಿ ನಿಮಗೆ ಫೋನು, ಅಂದೆ. ಜೋರಾಗಿ. ಅಂದ ಮೇಲೆ ಜ್ಞಾಪಕ ಬಂತು."

ಕಾರ್ಡಕ್ಕ ಜಾಲರಿಯ ಮುಂದೆ ತಲೆ ತಗ್ಗಿಸಿದಳು.

"ನಾಲ್ಕು ವರ್ಷ ಆದ್ಮೇಲೆ ಇನ್ನೊಂದ್ಸಲ ಕಳ್ಕೊಂಡೆ ಅವರನ್ನ. ಸಾಕು. ನಾನು ನಿಲ್ಲಿಸ್ತೀನಿ. ಬರಬೇಡ."

"ಆಯ್ತಮ್ಮಾ."

ಅಳಿಯಂದಿರು ಕಾರಿನ ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿದರು. "ಒಂದು ಮಾತು ಕೇಳಬಹುದಿತ್ತಲ್ಲ ನೀವು? ಮಗುವಿನ ಕಾಲಿನ ಗತಿ ಏನು ಅಂತ? ಅಷ್ಟು ಹೇಳಿದ್ರೆ ಮನಸ್ಸು ಕರಗ್ತಿತ್ತು."

"ಕರಗ್ತಿತ್ತು. ಅದಕ್ಕೇ ಕೇಳಲಿಲ್ಲ" ಎಂದಳು ಕಾರ್ಡಕ್ಕ. "ಮಗೂನ ಮುಂದೆ ಹಿಡ್ಕೊಂಡು ಆಯಮ್ಮನ ಬಾಯಿ ಮುಚ್ಚಿಸಬೇಕಾ? ರಸ್ತೇಲಿ ಫೋಟೋ ನಿಲ್ಲಿಸೋರಿಗೂ ನಮಗೂ ಆಮೇಲೆ ಏನು ವ್ಯತ್ಯಾಸ?"

ಆ ದಿನ ಸಂಜೆ ಗಂಡ ಎಷ್ಟು ಎಂದು ಕೇಳಿದಾಗ ಅವಳು ಬೆರಳೆತ್ತಲಿಲ್ಲ. ಅವನು ಭೂತಗನ್ನಡಿ ತೆಗೆದಿಟ್ಟ. ಅತ್ತೆಯೂ ಬಕೀಟಿನ ಜೊತೆ ಮಾತಾಡಲಿಲ್ಲ.

ನಲವತ್ತೊಂದರಲ್ಲಿ ನಲವತ್ತು ಎಂದರೆ ಯಾವ ಸಂಸ್ಥೆಯಾದರೂ ಹಾರ ತರಿಸಿ ಸಭೆ ಮಾಡುತ್ತದೆ. ಆದರೆ ನಲವತ್ತೊಂದನೆಯ ಮಗುವಿಗೆ ಆ ಲೆಕ್ಕ ಹೇಳಿ ನೋಡಿ. ಅದು ಓರೆ ಸೊಂಟದಲ್ಲಿ ನಿಂತು ನಿಮ್ಮ ಮುಖ ನೋಡುತ್ತದೆ. ಕಾರ್ಡಕ್ಕ ಇಸ್ತ್ರಿಯವನಿಗೆ ಫೋನ್ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಒಂದು ಮಗುವಿಗೆ ಮನೆಯಿಲ್ಲ. ಅವನು ಹಿಂದೆ ಮುಂದೆ ನೋಡಲಿಲ್ಲ. "ಎರಡನ್ನೂ ನನ್ನ ಲೆಕ್ಕಕ್ಕೇ ಹಾಕಿ. ಅಮ್ಮನಿಗೆ ಹೇಗೂ ಬಡ್ತಿ ಆಗಿದೆಯಲ್ಲ."

ಅಳತೆಯ ವಾರದಲ್ಲಿ ಆ ಮಗುವಿನ ಕಾಲಿಗೂ ಅಚ್ಚು ತೆಗೆದರು. ಕಾರ್ಡಕ್ಕ ನೂಲು ಕತ್ತರಿಸಿದಳು. ಬೀಗದವರ ಮನೆಗೆ ಕಾಗದ ಬರೆಯಲು ಕೂತಳು. ಅಳಿಯಂದಿರು ಕಿಟಕಿಯ ಬಳಿ ಬಂದು, "ಅವರು ಬರಬೇಡ ಅಂದಿದ್ದಾರಲ್ಲ" ಎಂದರು.

"ಬರಬೇಡ ಅಂದರು. ಬರೀಬೇಡ ಅನ್ನಲಿಲ್ಲ."

ಕೆಟ್ಟ ಸುದ್ದಿ ಮೊದಲು ಬರೆಯುವುದು ಅವಳ ಹಳೆಯ ಪದ್ಧತಿ. ಹಾಗೆಯೇ ಬರೆದಳು. "ಈ ವರ್ಷ ಮಗುವಿನ ಕಾಲು ಬೇರೊಂದು ಮನೆಯಿಂದ ಆಗುತ್ತಿದೆ, ಇಸ್ತ್ರಿ ಅಂಗಡಿಯವರ ಮನೆಯಿಂದ. ಅವರಿಗೆ ಮೊದಲೇ ಒಂದು ಮಗುವಿದೆ, ಇದು ಎರಡನೆಯದು. ಇನ್ನು ಮಗುವಿನ ವಿಷಯ. ನಾಲ್ಕು ಬೆರಳು ಬೆಳೆದಿದೆ, ಒಂದೇ ವರ್ಷಕ್ಕೆ ಇಷ್ಟು ಎಂದೂ ಬೆಳೆದಿರಲಿಲ್ಲ. ಹಳೆಯ ಕಾಲಿನ ಹಿಮ್ಮಡಿ ಒಡೆದು ತಂದಿದೆ. ಹೇಗೆ ಒಡೆಯಿತು ಎಂದರೆ ಬಾಯಿ ಬಿಡುವುದಿಲ್ಲ. ಬರುವ ಗುರುವಾರ ಹೊಸ ಕಾಲು ಹಾಕಿ ನಡೆಸುತ್ತಾರೆ." ಬೇರೇನೂ ಬರೆಯಲಿಲ್ಲ. ನಾಲ್ಕು ವರ್ಷ ಜೊತೆಗಿದ್ದವರಿಗೆ ತಿಳಿಯುವ ಹಕ್ಕಿದೆ, ತಿಳಿಸಿದಳು. ಅದಕ್ಕೆ ಪ್ರತಿಯಾಗಿ ಏನೂ ಬರಬೇಕಾಗಿರಲಿಲ್ಲ.

ಗುರುವಾರ ಹತ್ತು ಗಂಟೆಗೆ ಹಜಾರದಲ್ಲಿ ಆರು ಮಕ್ಕಳು. ಮೇಸ್ತ್ರಿ ಪಟ್ಟಿ ಬಿಗಿಯುತ್ತಿದ್ದ, ತಾಯಂದಿರು ಗೋಡೆಗೊರಗಿ ನಿಂತಿದ್ದರು. ಕಾರ್ಡಕ್ಕನ ಕೋಣೆಯ ಬಾಗಿಲು ತೆರೆಯಿತು. ಬೀಗದವರ ಹೆಂಡತಿ. ಬೆರಳ ತುದಿಗಳಲ್ಲಿ ಒಣಗಿದ ಅಂಟು, ಕೈಯಲ್ಲಿ ಆ ಕಾಗದ. ಕೂರಿ ಎನ್ನುವ ಮೊದಲೇ ಶುರುಮಾಡಿದರು.

"ಯಾರಮ್ಮಾ ಅವನು ಇಸ್ತ್ರಿಯವನು?"

"ಒಳ್ಳೆಯವರಮ್ಮಾ ಅವರು..."

"ಒಳ್ಳೆಯವನಾದ್ರೆ ಅವನ ಮಗೂನ ಅವನು ನೋಡ್ಕೊಳ್ಳಲಿ. ನಮ್ಮದಕ್ಕೆ ಯಾಕೆ ಕೈ ಹಾಕ್ದ? ಮೊದಲನೇ ಕಾಲಿಂದ ನಾವಿದ್ದೀವಿ. ನಮ್ಮನೆಯವರು ತೀರಿಕೊಂಡ ತಿಂಗಳಿಂದ್ಲೂ. ಒಂದೊಂದು ನೂಲೂ ಗಂಟು ಹಾಕಿ ಇಟ್ಟಿದ್ದೀನಿ ನಾನು. ನಾನೇನೋ ಸಿಟ್ಟಲ್ಲಿ ನಿಲ್ಲಿಸ್ತೀನಿ ಅಂದ್ರೆ, ನೀನು ಆಯ್ತಮ್ಮಾ ಅಂದುಬಿಡೋದಾ? ಜಗಳಾನೂ ಆಡಕ್ಕೆ ಬರಲ್ವಾ ನಿಂಗೆ?"

ಕಾರ್ಡಕ್ಕ ಮೂವತ್ತೊಂದು ವರ್ಷದಲ್ಲಿ ಎಷ್ಟೋ ಹೊಗಳಿಕೆ ಕೇಳಿದ್ದಳು. ಈ ಬೈಗುಳದಷ್ಟು ಯಾವುದೂ ಅವಳ ಎದೆಯನ್ನು ಅಗಲ ಮಾಡಿರಲಿಲ್ಲ. ನಗು ಬಂತು, ತಡೆದುಕೊಂಡಳು.

"ತಪ್ಪಾಯ್ತಮ್ಮಾ. ಇಸ್ತ್ರಿಯವರಿಗೆ ಹೇಳ್ತೀನಿ."

"ಇವತ್ತೇ ಹೇಳು." ಆಕೆ ಗಾಜಿನ ಕಿಟಕಿಯತ್ತ ನೋಡಿದರು. ಹಜಾರದಲ್ಲಿ ಕಂಬಿ ಹಿಡಿದ ಮಕ್ಕಳು ಒಂದೊಂದಾಗಿ ಹೆಜ್ಜೆ ಇಡುತ್ತಿದ್ದವು. ಕಾರ್ಡಕ್ಕ ಎದ್ದು ತನ್ನ ಕುರ್ಚಿಯನ್ನೇ ಕಿಟಕಿಗೆ ಹತ್ತಿರ ಎಳೆದು ಕೊಟ್ಟಳು. ಆಕೆ ಕೂತು, ಸೆರಗಿನಿಂದ ಗಾಜನ್ನು ಒರೆಸಿದರು.

"ಯಾವುದು ನಮ್ಮದು?"

"ಅದನ್ನ ಹೇಳಲ್ಲಮ್ಮಾ. ಯಾರಿಗೂ ಹೇಳಲ್ಲ."

"ಹೇಳಬೇಡ. ನಿನ್ನನ್ನ ಯಾರು ಕೇಳಿದ್ರು?"

ಬಹಳ ಹೊತ್ತು ನೋಡಿದರು. ಒಂದು ಮಗು ಅಳುತ್ತಿತ್ತು, ಇನ್ನೊಂದು ತನ್ನ ತಾಯಿಯ ಕೈ ಬಿಡುತ್ತಿರಲಿಲ್ಲ. ಕೊನೆಯ ಕಂಬಿಯ ಬಳಿ ಒಂದು, ಮೇಸ್ತ್ರಿ ಹಿಡ್ಕೋ ಹಿಡ್ಕೋ ಎನ್ನುತ್ತಿದ್ದರೂ ಎರಡೂ ಕೈ ಬಿಟ್ಟು, ಬಿದ್ದು, ಅವನ ಕೈ ತಳ್ಳಿ ತಾನೇ ಏಳುತ್ತಿತ್ತು.

"ಅದು" ಎಂದರು ಆಕೆ, ಬೆರಳನ್ನು ಗಾಜಿಗೆ ಒತ್ತಿ. "ಹಿಮ್ಮಡಿ ಒಡೆದಿದ್ದು ಅದೇ. ನೋಡು, ಮಾತು ಕೇಳುತ್ತಾ?"

ಕಾರ್ಡಕ್ಕ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ನಿಂತುಕೊಂಡೇ ಇಸ್ತ್ರಿ ಅಂಗಡಿಯ ನಂಬರ್ ಒತ್ತಿದಳು. ಮೇಸ್ತ್ರಿಯೊಡನೆ ಜಗಳವಾಡುತ್ತ ಆ ಮಗು ಮತ್ತೆ ಕೈ ಬಿಟ್ಟಿತು.